ಶೇಕಡಾ 2000 ಎಂದರೆ ಯಾವುದರ ಮೇಲೆ?

ಅರಿಶಿನದ ಕ್ಯಾಪ್ಸೂಲುಗಳ ಡಬ್ಬಿಯ ಮೇಲೆ, ಕಾಳುಮೆಣಸಿನ ಸಾರ ಸೇರಿಸಿರುವುದರಿಂದ ದೇಹ ಅದನ್ನು ಶೇ. 2000ರಷ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂಬರ್ಥದ ಮಾತು ಅಚ್ಚಾಗಿರುವುದನ್ನು ಅನೇಕರು ನೋಡಿರುತ್ತಾರೆ. ಅಮೆರಿಕದಲ್ಲಿ ಕೊಂಡ ಡಬ್ಬಿಯಲ್ಲೂ ಇದೇ ಸಂಖ್ಯೆ ಇರುತ್ತದೆ, ಮಲ್ಲೇಶ್ವರದಲ್ಲಿ ಕೊಂಡದ್ದರಲ್ಲೂ ಇದೇ ಸಂಖ್ಯೆ ಇರುತ್ತದೆ. ಅದು ಹುಟ್ಟಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ. ಜೀವರಸಾಯನಶಾಸ್ತ್ರ ಕಲಿಸುವ ನನಗೆ ಆ ಪ್ರಬಂಧದ ಬಗ್ಗೆ ದೊಡ್ಡ ತಕರಾರೇನೂ ಇಲ್ಲ. ತಕರಾರಿರುವುದು ಅದರೊಳಗಿನ ಒಂದೇ ಒಂದು ಸಂಖ್ಯೆಯನ್ನು ಕಿತ್ತು ಡಬ್ಬಿಗೆ ಅಂಟಿಸಿದ ರೀತಿಯ ಬಗ್ಗೆ.

ಅರಿಶಿನದ ಹಳದಿ ಬಣ್ಣಕ್ಕೆ ಮುಖ್ಯ ಕಾರಣವಾದ ಕರ್ಕ್ಯುಮಿನ್ ಎಂಬ ವಸ್ತುವನ್ನು 1815ರಲ್ಲೇ ಬೇರ್ಪಡಿಸಲಾಗಿತ್ತು. ಅದರ ಅಣುರಚನೆ ತಿಳಿದದ್ದು 1910ರಲ್ಲಿ. ನೀರಿನಲ್ಲಿ ಅದು ಕರಗುವುದಿಲ್ಲವೆಂದೇ ಹೇಳಬಹುದು. ಕರಗಿದಷ್ಟು ಭಾಗವೂ ನಮ್ಮ ರಕ್ತದಂತೆ ತುಸುವೇ ಕ್ಷಾರೀಯವಾದ ದ್ರಾವಣದಲ್ಲಿ ಬಹಳ ಹೊತ್ತು ಬಾಳುವುದಿಲ್ಲ: ದೇಹದ ಉಷ್ಣತೆಯಲ್ಲಿ, ಪ್ರೋಟೀನುಗಳ ಆಸರೆಯಿಲ್ಲದ ಅಂಥ ದ್ರಾವಣದಲ್ಲಿ, ಅರ್ಧ ಗಂಟೆಯೊಳಗೆ ಸುಮಾರು ಶೇ. 90ರಷ್ಟು ಒಡೆದುಹೋಗುತ್ತದೆ. ಕ್ಷಾರದೊಡನೆ ಅದರ ವರ್ತನೆ ನಮಗೆ ಕಣ್ಣಾರೆ ಪರಿಚಿತವೇ ಆಗಿದೆ. ಆರತಿ ತಟ್ಟೆಯ ನೀರಿನಲ್ಲಿ ಅರಿಶಿನಕ್ಕೆ ಚಿಟಿಕೆ ಸುಣ್ಣ ಬೆರೆಸಿದೊಡನೆ ನೀರು ಕೆಂಪಾಗುವುದು ಇದೇ ಅಣು ತನ್ನ ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುವುದರಿಂದ.

ನುಂಗಿದ ಕರ್ಕ್ಯುಮಿನ್‌ನ ಬಹುಪಾಲು ಮಲದೊಂದಿಗೆ ಹೊರಹೋಗುತ್ತದೆ. ಒಳಸೇರಿದ ಸ್ವಲ್ಪಕ್ಕೆ ಕರುಳಿನ ಗೋಡೆಯೂ ಯಕೃತ್ತೂ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಜೋಡಿಸಿ, ನೀರಿನಲ್ಲಿ ಕರಗುವ ರೂಪಕ್ಕೆ ತಂದು, ಹೊರಗಟ್ಟುವ ಸಿದ್ಧತೆ ಮಾಡುತ್ತವೆ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪಿಪರಿನ್ ಈ ಜೋಡಣೆಯ ಕಿಣ್ವಗಳನ್ನು ತಡೆಯುತ್ತದೆ. ಬೆಂಗಳೂರಿನ ಪ್ರಯೋಗದ ಹಿಂದಿದ್ದ ತರ್ಕ ಇದು, ಮತ್ತು ಅದು ಸೊಗಸಾದ ತರ್ಕ.

ಪ್ರಯೋಗದಲ್ಲಿ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಸಿಗಲೇ ಇಲ್ಲ, ಇಲ್ಲವೇ ಅಳತೆಗೆ ಸಿಕ್ಕೂ ಸಿಗದಷ್ಟಿತ್ತು. ಜೊತೆಗೆ 20 ಮಿಲಿಗ್ರಾಂ ಪಿಪರಿನ್ ಕೊಟ್ಟಾಗ, ಮೊದಲ ಒಂದು ಗಂಟೆಯೊಳಗೆ, ಒಂದು ಮಿಲಿಲೀಟರ್ ರಕ್ತಸಾರದಲ್ಲಿ ಸರಾಸರಿ 0.2 ಮೈಕ್ರೋಗ್ರಾಂಗೂ ಕಡಿಮೆಯಾದ ಒಂದು ಗರಿಷ್ಠ ಮಟ್ಟ ಕಂಡುಬಂತು. ಹೆಚ್ಚುಕಡಿಮೆ ಸೊನ್ನೆಯಿಂದ ಇಷ್ಟಕ್ಕೆ ಏರಿದ್ದನ್ನು ಶೇಕಡಾದಲ್ಲಿ ಹೇಳಿದರೆ 2000 ಬರುತ್ತದೆ, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ರಸಾಯನಶಾಸ್ತ್ರದ ಅಳತೆಯಲ್ಲಿ ಅದು ಅರ್ಧ ಮೈಕ್ರೋಮೋಲಾರ್‌ನಷ್ಟು ಮಾತ್ರ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳನ್ನು ಕರ್ಕ್ಯುಮಿನ್ ಕೊಲ್ಲುತ್ತದೆ ಎನ್ನುವ ಪ್ರಯೋಗಗಳಲ್ಲಿ 10ರಿಂದ 50 ಮೈಕ್ರೋಮೋಲಾರ್ ಸುರಿಯುವುದು ವಾಡಿಕೆ.

ಈ ಪ್ರಮಾಣಗಳನ್ನು ಅಡುಗೆಮನೆಯ ಅಳತೆಗೆ ತಂದು ನೋಡುವುದು ಒಳ್ಳೆಯದು. ಕಾಳುಮೆಣಸಿನಲ್ಲಿ ಶೇ. 5ರಷ್ಟು ಪಿಪರಿನ್ ಇದೆಯೆಂದು ಹಿಡಿದರೆ 20 ಮಿಲಿಗ್ರಾಂ ಎಂದರೆ ಏಳೆಂಟು ಕಾಳು. ಯಾವ ಮನೆಯ ಮೆಣಸಿನ ಸಾರಿನಲ್ಲೂ ಅಷ್ಟಿರುತ್ತದೆ. ಆದರೆ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3 ಎಂದುಕೊಂಡರೆ 2 ಗ್ರಾಂ ಕರ್ಕ್ಯುಮಿನ್‌ಗೆ 65 ಗ್ರಾಂಗೂ ಹೆಚ್ಚು ಪುಡಿ ಬೇಕು, ಅಂದರೆ ಅಂಗಡಿಯಲ್ಲಿ ಸಿಗುವ 100 ಗ್ರಾಂ ಪೊಟ್ಟಣದ ಅರ್ಧಕ್ಕಿಂತ ಹೆಚ್ಚು, ಒಂದೇ ಸಲಕ್ಕೆ. ಕೆಮ್ಮು ಬಂದಾಗ ಹಾಲಿಗೆ ಅರಿಶಿನ, ಮೆಣಸು ಹಾಕಿ ಕುಡಿಯುವವರು ಬೆಂಗಳೂರಿನ ಪ್ರಯೋಗವನ್ನು ತಮ್ಮ ಲೋಟಕ್ಕೆ ಸಾಕ್ಷಿಯಾಗಿ ಕರೆಯುವಂತಿಲ್ಲ. (ಹಾಲು ಬಿಸಿಯಾಗಿದೆ, ಗಂಟಲಿಗೆ ಹಿತ, ಕುಡಿಯಲು ಅಷ್ಟು ಕಾರಣ ಸಾಕು.)

ಪ್ರಯೋಗಾಲಯದಲ್ಲಿ ಕರ್ಕ್ಯುಮಿನ್ ಎಲ್ಲ ರೋಗಕ್ಕೂ ಮದ್ದಿನಂತೆ ಕಾಣಿಸುವುದಕ್ಕೆ ಇನ್ನೊಂದು ಕಾರಣವಿದೆ. ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಕದಡಿ, ಸೋಸಿ, ನೋಟು ಪರೀಕ್ಷಿಸುವ ನೇರಳಾತೀತ ದೀಪದಡಿ ಹಿಡಿದರೆ ದ್ರಾವಣ ಹಸಿರು ಛಾಯೆಯಿಂದ ಹೊಳೆಯುತ್ತದೆ. ತರಗತಿಯಲ್ಲಿ ಇದನ್ನು ತೋರಿಸಿದಾಗ ಕೊನೆಯ ಬೆಂಚಿನವರೂ ಎದ್ದು ಬರುತ್ತಾರೆ. ಔಷಧ ಹುಡುಕುವ ಎಷ್ಟೋ ಪರೀಕ್ಷೆಗಳು ಇಂಥ ಹೊಳಪನ್ನೇ ಅಳೆದು ಫಲಿತಾಂಶ ಹೇಳುವುದರಿಂದ, ತಾನೇ ಹೊಳೆಯುವ ವಸ್ತು ಅಳತೆಯನ್ನೇ ಕೆಡಿಸುತ್ತದೆ. ಸಾಲದ್ದಕ್ಕೆ ಕರ್ಕ್ಯುಮಿನ್ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತದೆ, ಸಿಕ್ಕ ಪ್ರೋಟೀನಿಗೆ ಅಂಟುತ್ತದೆ, ಒಡೆದು ಬೇರೆ ವಸ್ತುಗಳಾಗುತ್ತದೆ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು 2017ರಲ್ಲಿ ಇದನ್ನೆಲ್ಲ ವಿವರವಾಗಿ ಬರೆದು, ಅಲ್ಲಿಯವರೆಗೆ ನೂರಕ್ಕೂ ಹೆಚ್ಚು ಮಾನವ ಪ್ರಯೋಗಗಳು ನಡೆದಿದ್ದರೂ ಕಟ್ಟುನಿಟ್ಟಾದ ತುಲನಾತ್ಮಕ ಪರೀಕ್ಷೆಯಲ್ಲಿ ಗೆದ್ದದ್ದು ಒಂದೂ ಇಲ್ಲವೆಂದರು. ಮಂಡಿನೋವಿಗೆ ಅಷ್ಟಿಷ್ಟು ಆರಾಮ ಸಿಕ್ಕಿತೆನ್ನುವ ಸಣ್ಣ ಪ್ರಯೋಗಗಳಿವೆ ಎಂದು ಆಕ್ಷೇಪಿಸಿದವರೂ ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಪ್ರಯೋಗಗಳ ಗಾತ್ರ ನೋಡಿದರೆ ಅದರ ಮೇಲೆ ಕ್ಯಾನ್ಸರಿನ, ಮರೆವಿನ ಕಾಯಿಲೆಯ ಭರವಸೆಗಳನ್ನು ಕಟ್ಟಲಾಗದು.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ, ಅಂದರೆ ಸಿಎಫ್‌ಟಿಆರ್‌ಐನ ಕೆಲಸ. ಕರ್ಕ್ಯುಮಿನ್ ಬೆರೆಸಿದ ಆಹಾರ ತಿಂದ ಇಲಿಗಳಲ್ಲಿ ಕೊಲೆಸ್ಟರಾಲ್ ಕಡಿಮೆಯಾದುದನ್ನು ಅಲ್ಲಿನವರು 1970ರಲ್ಲೇ ಪ್ರಕಟಿಸಿದ್ದರು. ಅದಕ್ಕಿಂತ ಮುಖ್ಯವಾದದ್ದು 2007ರ ಒಂದು ಪ್ರಬಂಧ. ಅದರಲ್ಲಿ ಅವರು ಕೇಳಿಕೊಂಡ ಪ್ರಶ್ನೆ ಬಹಳ ಸರಳ: ನಾವು ಬೇಯಿಸಿದ ಮೇಲೆ ಮಸಾಲೆಯಲ್ಲಿ ಏನು ಉಳಿದಿರುತ್ತದೆ? ಅರಿಶಿನವನ್ನು ಬೇಯಿಸಿದಾಗ ಕರ್ಕ್ಯುಮಿನ್‌ನಲ್ಲಿ ಶೇ. 27ರಿಂದ 53ರಷ್ಟು ನಷ್ಟವಾಯಿತು. ಅತಿ ಹೆಚ್ಚು ನಷ್ಟವಾದದ್ದು ಕುಕ್ಕರಿನಲ್ಲಿ ಹತ್ತು ನಿಮಿಷ ಬೆಂದಾಗ. ಜೊತೆಗೆ ಹುಣಸೆಹುಳಿ ಇದ್ದಾಗ ನಷ್ಟ ಶೇ. 12ರಿಂದ 30ಕ್ಕೆ ಇಳಿಯಿತು. ಬೇಳೆ ಬೇಯುವಾಗಲೇ ಅರಿಶಿನ ಹಾಕಿ, ಹುಳಿಯನ್ನು ಆಮೇಲೆ ಹಿಂಡುವ ನಮ್ಮ ಪದ್ಧತಿಯಲ್ಲಿ ಹುಣಸೆಯ ಈ ಕಾವಲು ತಡವಾಗಿ ಬರುತ್ತದೆ ಎನ್ನಬೇಕು. ಮೊದಲೇ ಹುಳಿ ಹಾಕಿದರೆ ಬೇಳೆ ಬೇಯುವುದಿಲ್ಲ, ಆ ಮಾತು ಬೇರೆ.

ಸಾರಿನ ಪ್ರಮಾಣಕ್ಕೆ ಯಾರೂ ಹೆದರಬೇಕಿಲ್ಲ. ಕರ್ಕ್ಯುಮಿನ್‌ಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ನಿಗದಿಪಡಿಸಿರುವ ದಿನದ ಮಿತಿ ದೇಹತೂಕದ ಕಿಲೋ ಒಂದಕ್ಕೆ 3 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 180 ಮಿಲಿಗ್ರಾಂ. ಅರ್ಧ ಚಮಚ ಪುಡಿಯಲ್ಲಿ ಅದರ ಕಾಲು ಭಾಗದಷ್ಟಿರಬಹುದು. ಕ್ಯಾಪ್ಸೂಲಿನ ಸಂಗತಿ ಹಾಗಲ್ಲ. ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಜಾಲವೊಂದು ಅರಿಶಿನದ ಉತ್ಪನ್ನಗಳಿಗೆ ಸಂಬಂಧಿಸಿದ ಹತ್ತು ಪ್ರಕರಣಗಳನ್ನು 2022ರಲ್ಲಿ ಪ್ರಕಟಿಸಿತು. ಹತ್ತು ಮಂದಿಯಲ್ಲಿ ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಏಳು ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದೇ ಬಗೆಯ ಜೀನು ಕಂಡುಬಂತು. ಪರೀಕ್ಷೆಗೆ ಸಿಕ್ಕ ಕೆಲವು ಉತ್ಪನ್ನಗಳಲ್ಲಿ ಪಿಪರಿನ್ ಕೂಡ ಇತ್ತು. ಯಕೃತ್ತಿನ ಕಿಣ್ವಗಳನ್ನು ತಡೆಯುವ ಪಿಪರಿನ್ ಕರ್ಕ್ಯುಮಿನ್ ಒಂದನ್ನೇ ಆರಿಸಿ ಕಾಪಾಡುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್‌ಗಳ ಮಟ್ಟವನ್ನೂ ಅದು ರಕ್ತದಲ್ಲಿ ಏರಿಸುತ್ತದೆ. ಆದ್ದರಿಂದ ಇಂಥ ಔಷಧ ನುಂಗುತ್ತಿರುವ ಹಿರಿಯರ ಮನೆಯಲ್ಲಿ ಆ ಡಬ್ಬಿ ಇದ್ದರೆ, ವೈದ್ಯರಲ್ಲಿಗೆ ಹೋಗುವಾಗ ಉಳಿದ ಮಾತ್ರೆಗಳ ಚೀಟಿಯೊಂದಿಗೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳುವುದು ಒಳಿತು.