ಒಕಾಸಾನ್‌ಗೆ ಬರೆದ ಮೊದಲ ಪತ್ರ

ಜಪಾನಿಗೆ ಓದಲು ಹೊರಡುವ ಮೊದಲು ನಾನು ಸೂಟ್‌ಕೇಸ್ ಬಗ್ಗೆ ಯೋಚಿಸಿದ್ದೇ ಜಾಸ್ತಿ. ಏನು ತುಂಬಬೇಕು, ಎಷ್ಟು ಕಿಲೋ ಆಗುತ್ತದೆ, ಇದೇ ಚಿಂತೆ. ಅದರ ನಡುವೆ ಇನ್ನೊಂದು ಕೆಲಸವಿತ್ತು. ನಾನು ಇರಬೇಕಾದ ಹೋಸ್ಟ್ ಫ್ಯಾಮಿಲಿಗೆ ಒಂದು ಪರಿಚಯ ಪತ್ರ ಬರೆದು ಕಳಿಸಬೇಕಿತ್ತು. ಅದನ್ನು ಒಂದೇ ಸಂಜೆ ಕೂತು ಬರೆದು ಮುಗಿಸಿಬಿಟ್ಟೆ. ಈಗ ನಾರಾ ನಗರದ ಈ ಮನೆಯಲ್ಲಿ ಒಂಬತ್ತು ತಿಂಗಳು ಕಳೆದಿದ್ದೇನೆ. ಆ ಒಂದು ಪುಟಕ್ಕೆ ಒಂದು ವಾರವಾದರೂ ಕೊಡಬೇಕಿತ್ತು ಅನ್ನಿಸುತ್ತದೆ.

ಕಾಗದಪತ್ರದ ಕೆಲಸಕ್ಕೆ ನಾನು ಸುಮ್ನೆ ಹೆದರಿದ್ದೆ. ಅದಕ್ಕೊಂದು ದಾರಿ ಇದೆ, ಒಂದಾದ ಮೇಲೆ ಒಂದು ಮಾಡುತ್ತಾ ಹೋದರೆ ಆಯಿತು. ನೀವು ಸೇರುವ ಕಾಲೇಜೇ ಜಪಾನಿನ ವಲಸೆ ಇಲಾಖೆಗೆ ಅರ್ಜಿ ಹಾಕಿ ಅರ್ಹತಾ ಪತ್ರ ತರಿಸಿ ಕಳಿಸುತ್ತದೆ. ಇಲ್ಲಿ ಎಲ್ಲರೂ ಅದನ್ನು ಸಿಒಇ ಅನ್ನುತ್ತಾರೆ. ಅದು ಕೈಗೆ ಬಂದ ಮೇಲೆ ವೀಸಾ. ಸಿಒಇಗೆ 3 ತಿಂಗಳು ಮಾತ್ರ ಆಯುಷ್ಯ, ಆದ್ದರಿಂದ ಆಮೇಲೆ ನೋಡೋಣ ಅಂತ ಇಟ್ಟುಕೊಳ್ಳಬೇಡಿ. ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಪಾಸ್‌ಪೋರ್ಟ್ ನೋಡುವ ಕಡೆಯೇ ರೆಸಿಡೆನ್ಸ್ ಕಾರ್ಡ್ ಕೊಡುತ್ತಾರೆ. ಮನೆ ಸೇರಿದ 14 ದಿನದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಅದೇ ದಿನ ಆರೋಗ್ಯ ವಿಮೆಗೂ ಸೇರಿಬಿಡಿ. ವಿಮೆ ಇದ್ದರೆ ಆಸ್ಪತ್ರೆ ಬಿಲ್ಲಿನಲ್ಲಿ ಸಾಮಾನ್ಯವಾಗಿ ನಿಮ್ಮ ಪಾಲು ಶೇಕಡ 30 ಮಾತ್ರ. ಪಾರ್ಟ್‌ಟೈಮ್ ಕೆಲಸ ಮಾಡುವ ಆಸೆ ಇದ್ದರೆ ಬೇರೆ ಅನುಮತಿ ಬೇಕು, ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 28 ಗಂಟೆ ಮೀರುವಂತಿಲ್ಲ.

ಮನೆಯವರು ಪ್ರೀತಿಯಿಂದ ಕಟ್ಟಿಕೊಡುವ ಔಷಧಿ ಡಬ್ಬಿಯನ್ನು ಮಾತ್ರ ಒಮ್ಮೆ ಬಿಚ್ಚಿ ನೋಡಿ. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಒಂದು ತಿಂಗಳಿಗಿಂತ ಜಾಸ್ತಿ ತರುವುದಾದರೆ ಮೊದಲೇ ಒಪ್ಪಿಗೆ ಪಡೆಯಬೇಕು. ಸ್ಯೂಡೋಎಫೆಡ್ರಿನ್ ಶೇಕಡ 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಯನ್ನು ಇಲ್ಲಿಗೆ ತರುವಂತೆಯೇ ಇಲ್ಲ. ಇನ್ನು ಕರೆಂಟ್ 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್ನು. ಅಡಾಪ್ಟರ್ ಒಂದು ಇಟ್ಟುಕೊಳ್ಳಿ.

ಈಗ ಆ ಪತ್ರದ ವಿಷಯಕ್ಕೆ ಬರುತ್ತೇನೆ. ಊಟದ ಬಗ್ಗೆ ನಾನು ಬರೆದದ್ದು ಒಂದೇ ಮಾತು, 'ನಾನು ಸಸ್ಯಾಹಾರಿ' ಅಂತ. ಸಾಕು ಅಂದುಕೊಂಡಿದ್ದೆ. ಒಕಾಸಾನ್ ದಿನಾ ಬೆಳಿಗ್ಗೆ ಅನ್ನ, ತರಕಾರಿ, ತೋಫು ಹಾಕಿದ ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪ್ ಕೊಡುತ್ತಿದ್ದರು. ಒಕಾಸಾನ್ ಅಂದರೆ ಅಮ್ಮ, ಮನೆಯೊಡತಿಯನ್ನು ನಾನು ಹಾಗೇ ಕರೆಯುವುದು. ಎರಡು ವಾರ ಕಳೆದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಅವರ ಪಕ್ಕ ನಿಂತಿದ್ದೆ. ಕುದಿಯುವ ನೀರಿಗೆ ಅವರು ತೆಳ್ಳಗೆ ಹೆರೆದ ಏನನ್ನೋ ಒಂದು ಹಿಡಿ ಹಾಕಿದರು. ಏನದು ಅಂತ ಕೇಳಿದೆ. ಒಣಗಿಸಿದ ಮೀನು. ಅದನ್ನು ಕುದಿಸಿ ಸೋಸಿದ ನೀರೇ ದಾಶಿ. ಇಲ್ಲಿನ ಬಹಳಷ್ಟು ಅಡುಗೆಗೆ ಅದೇ ಆಧಾರ. ತಟ್ಟೆಯಲ್ಲಿ ಮೀನಿನ ತುಂಡು ಕಾಣದಿದ್ದರೆ ಅವರ ಲೆಕ್ಕದಲ್ಲಿ ಅದು ತರಕಾರಿ ಸೂಪೇ.

ನನಗೆ ಆಗಿದ್ದಕ್ಕಿಂತ ಅವರಿಗೆ ಆದ ನೋವೇ ದೊಡ್ಡದು. ಒಲೆ ಆರಿಸಿ, ತಲೆ ಬಗ್ಗಿಸಿ ಮತ್ತೆ ಮತ್ತೆ ಕ್ಷಮೆ ಕೇಳಿದರು. ತಪ್ಪು ಅವರದಲ್ಲ, ಅಲ್ವಾ? ನಾನು ಬಿಡಿಸಿ ಬರೆದಿರಲಿಲ್ಲ. ಮರುದಿನದಿಂದ ನನ್ನ ಸೂಪ್ ಬೇರೆ ಪಾತ್ರೆಯಲ್ಲಿ ಆಗತೊಡಗಿತು, ಕೊಂಬು ಎಂಬ ಕಡಲ ಪಾಚಿ ಮತ್ತು ಒಣ ಶಿಟಾಕೆ ಅಣಬೆ ನೆನೆಸಿದ ನೀರಿನಲ್ಲಿ. ಹಾಗಾಗಿ ಸಸ್ಯಾಹಾರಿಗಳು ದಯವಿಟ್ಟು ಒಂದೊಂದಾಗಿ ಬರೆಯಿರಿ: ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿಯೂ ಬೇಡ. ಮೊಟ್ಟೆ, ಹಾಲು ಆಗುತ್ತದೋ ಇಲ್ಲವೋ ಅದನ್ನೂ ಬರೆಯಿರಿ. ಇದು ಹಟವಲ್ಲ. ಅಡುಗೆ ಮಾಡಿ ಬಡಿಸುವವರಿಗೆ ಇದರಿಂದ ಅನುಕೂಲವೇ.

ಫೋನಿನ ವಿಷಯವನ್ನೂ ಪತ್ರದಲ್ಲೇ ಕೇಳಬೇಕಿತ್ತು. ಇಲ್ಲಿನ ಸಮಯ ಭಾರತಕ್ಕಿಂತ ಮೂರೂವರೆ ಗಂಟೆ ಮುಂದೆ. ಅಮ್ಮ ಊಟ ಮುಗಿಸಿ 8.30ಕ್ಕೆ ಫೋನ್ ಮಾಡಿದರೆ ಇಲ್ಲಿ ನಡುರಾತ್ರಿ 12. ನನ್ನ ಕೋಣೆಗೂ ಒಕಾಸಾನ್ ಕೋಣೆಗೂ ನಡುವೆ ಇರುವುದು ತೆಳು ಗೋಡೆ. ರಾತ್ರಿ ಮಾತಾಡಬಹುದಾ ಅಂತ ಒಮ್ಮೆ ಕೇಳಿದ್ದೆ. ಒಕಾಸಾನ್ 'ಅದು ಚೊಟ್ಟೊ...' ಅಂದು ಅಲ್ಲಿಗೇ ನಿಲ್ಲಿಸಿದರು. ಚೊಟ್ಟೊ ಅಂದರೆ ಸ್ವಲ್ಪ ಅಂತ ಪಾಠದಲ್ಲಿ ಓದಿದ್ದೆ. ಸ್ವಲ್ಪ ಹೊತ್ತು ಮಾತಾಡಬಹುದು ಅಂತ ತಿಳಿದು ಮಾತಾಡಿದೆ. ಆ ಮಾತು ಅರ್ಧಕ್ಕೆ ನಿಂತರೆ ಬೇಡ ಎಂದರ್ಥ ಅಂತ ಕ್ಲಾಸಿನ ಗೆಳತಿ ಹೇಳುವ ಹೊತ್ತಿಗೆ ಒಂದು ತಿಂಗಳಾಗಿತ್ತು. ಅಷ್ಟು ರಾತ್ರಿಗಳ ನಿದ್ದೆ ಕೆಟ್ಟರೂ ಅವರು ಒಂದು ಮಾತು ಆಡಿರಲಿಲ್ಲ. ಈಗ ಅಮ್ಮ ಸಂಜೆ 5ಕ್ಕೆ ಫೋನ್ ಮಾಡುತ್ತಾರೆ. ಮಕ್ಕಳನ್ನು ಇಲ್ಲಿಗೆ ಕಳಿಸುವ ಅಪ್ಪ ಅಮ್ಮಂದಿರೂ ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಸ್ನಾನದ ಪದ್ಧತಿಯನ್ನು ಮಾತ್ರ ಮೊದಲ ರಾತ್ರಿಯೇ ಕೈಸನ್ನೆ ಮಾಡಿ ತೋರಿಸಿಕೊಟ್ಟರು. ತೊಟ್ಟಿಯ ಹೊರಗೆ ಕೂತು ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಂಡು, ಆಮೇಲೆ ಬಿಸಿನೀರಿಗೆ ಇಳಿಯುವುದು. ಅದೇ ನೀರು ಮನೆಯ ಎಲ್ಲರಿಗೂ. ಎದ್ದು ಬರುವಾಗ ನೀರು ಬಿಡಬಾರದು, ಮುಚ್ಚಳ ಮುಚ್ಚಿ ಬರಬೇಕು. ಈ ಮನೆಯಲ್ಲಿ ಉಳಿದ ನೀರು ಮರುದಿನ ಬಟ್ಟೆ ಒಗೆಯಲು ಹೋಗುತ್ತದೆ.

ಏಪ್ರಿಲ್‌ನಲ್ಲಿ ಹೊಸ ವರ್ಷದ ತರಗತಿಗಳು ಶುರು. ಆಗ ನನ್ನ ಕೋಣೆಗೆ ಇನ್ನೊಬ್ಬ ಹುಡುಗಿ ಬರುತ್ತಾಳೆ. ಅವಳ ಪತ್ರ ಮೊನ್ನೆ ಬಂತು, ಒಂದೇ ಪುಟ. ಒಕಾಸಾನ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಒಂದು ಹಾಳೆ ತಂದು ಅವಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ನನ್ನಿಂದ ಬರೆಸಿದರು. ಮೀನಿನ ದಾಶಿ ಆಗುತ್ತದೆಯೇ? ಮನೆಯವರು ಎಷ್ಟು ಹೊತ್ತಿಗೆ ಫೋನ್ ಮಾಡುತ್ತಾರೆ? ಹನ್ನೊಂದು ಪ್ರಶ್ನೆ ಆಗಿವೆ. ಇನ್ನೂ ಏನೋ ಉಳಿದಿದೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ನೆನಪಿಸಿಕೊಳ್ಳೋಣ ಅಂದಿದ್ದಾರೆ.