ಮಾಡರೇಟರ್‌ಗೆ ಎಷ್ಟು ವಯಸ್ಸಾಗಿರಬೇಕು?

ಡಿಸ್ಕಾರ್ಡ್, ರೆಡಿಟ್‌ನಂಥ ಆನ್‌ಲೈನ್ ಗುಂಪುಗಳ ತಾಣಗಳಲ್ಲಿ 13 ತುಂಬಿದವರು ಖಾತೆ ತೆರೆಯಬಹುದು. ಅಲ್ಲಿ ಗುಂಪಿನ ಶಿಸ್ತು ಕಾಯುವವರೇ ಮಾಡರೇಟರ್. ಅದನ್ನೇ ಹಿಡಿದು "13 ಆದವರು ಮಾಡರೇಟರ್ ಯಾಕಾಗಬಾರದು?" ಎಂದು ವಾದಿಸುವವರು ಎಲ್ಲ ಗುಂಪುಗಳಲ್ಲೂ ಸಿಗುತ್ತಾರೆ. ಈ 13ರ ಮೂಲ ಮಕ್ಕಳ ಆನ್‌ಲೈನ್ ಖಾಸಗಿತನ ಕಾಯುವ ಅಮೆರಿಕದ 1998ರ ಕೋಪಾ (COPPA) ಕಾಯ್ದೆ. ಅದಕ್ಕಿಂತ ಚಿಕ್ಕ ಮಕ್ಕಳ ಮಾಹಿತಿ ಸಂಗ್ರಹಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ ಆ ಕಾನೂನು. ಮಗುವಿನ ಮಾಹಿತಿ ಕಂಪನಿಯ ಕೈಗೆ ಹೋಗುವ ಮಾತು ಅದು. ಊರವರ ಗುಟ್ಟೆಲ್ಲ ಮಗುವಿನ ಕೈಗೆ ಬರುವ ವಿಚಾರ ಅಲ್ಲಿ ಇಲ್ಲವೇ ಇಲ್ಲ.

ಈ ಗಂಟನ್ನು ಚೆನ್ನಾಗಿ ಬಿಡಿಸಿದವರು ವಿಕಿಪೀಡಿಯ ನಡೆಸುವ ವಿಕಿಮೀಡಿಯಾದವರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿರ್ವಾಹಕರಾಗಲು ವಯಸ್ಸಿನ ಮಿತಿಯಿಲ್ಲ. ಸಮುದಾಯ ನಂಬಿದರೆ ಹೈಸ್ಕೂಲ್ ಹುಡುಗಿಯೂ ಪುಟ ಅಳಿಸಬಹುದು, ಕಿಡಿಗೇಡಿ ಖಾತೆಗಳನ್ನು ನಿರ್ಬಂಧಿಸಬಹುದು. ಆದರೆ ಅದಕ್ಕಿಂತ ಮೇಲಿನ, ಗುಟ್ಟಿನ ಮಾಹಿತಿ ನೋಡಬಲ್ಲ ಚೆಕ್‌ಯೂಸರ್, ಓವರ್‌ಸೈಟರ್, ಸ್ಟೀವರ್ಡ್ ಹುದ್ದೆಗಳಿಗೆ 18 ತುಂಬಿರಲೇಬೇಕು, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು. ಚೆಕ್‌ಯೂಸರ್‌ಗೆ ಸದಸ್ಯರ ಐಪಿ ವಿಳಾಸ (ಅವರ ಇಂಟರ್ನೆಟ್ ಸಂಪರ್ಕದ ಗುರುತು) ಕಾಣುತ್ತದೆ, ಕಾರಣ ಅಷ್ಟೇ. ಸಾರ್ವಜನಿಕರ ಇಮೇಲ್‌ಗಳಿಗೆ ಉತ್ತರಿಸುವ ತಂಡಕ್ಕೆ ಮಾತ್ರ 16 ಸಾಕು.

ನಮ್ಮ ದೇಶದಲ್ಲಿ ಆ ಸಹಿಗೇ ಒಂದು ತೊಡಕಿದೆ. 1872ರ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಂಥ ಕರಾರು ಮೊದಲಿನಿಂದಲೇ ಶೂನ್ಯ ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲೇ, ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿಬಿಟ್ಟಿತು. 17 ವರ್ಷದವನಿಂದ ಗೋಪ್ಯತಾ ಪತ್ರ ಬರೆಸಿಕೊಂಡು ನಿಶ್ಚಿಂತೆಯಾಗಿ ಕೂತರೆ ನಿಮ್ಮ ಹತ್ತಿರ ಉಳಿಯುವುದು ಬರೀ ಕಾಗದ.

ಹಾಗಾಗಿ ಹುದ್ದೆಗೆ ವಯಸ್ಸು ಕಟ್ಟುವ ಬದಲು ಅಧಿಕಾರಗಳನ್ನು ಬಿಡಿಬಿಡಿಯಾಗಿ ಹಂಚುವುದು ಮೇಲು. ಡಿಸ್ಕಾರ್ಡ್‌ನಲ್ಲಿ ಎರಡು ರೋಲ್ (ಅನುಮತಿಗಳ ಕಟ್ಟು) ಮಾಡಿ. ಕಿರಿಯರ ರೋಲ್‌ಗೆ ಸಂದೇಶ ಅಳಿಸುವುದು ಮತ್ತು ಟೈಮ್‌ಔಟ್, ಅಂದರೆ ಸದಸ್ಯರ ಬಾಯಿ ತಾತ್ಕಾಲಿಕವಾಗಿ ಮುಚ್ಚಿಸುವುದು, ಸಾಕು. ಟೈಮ್‌ಔಟ್ 28 ದಿನದವರೆಗೂ ಹಾಕಬಹುದು, ಬಹುತೇಕ ಜಗಳಗಳು ಅಷ್ಟರಲ್ಲಿ ತಣ್ಣಗಾಗುತ್ತವೆ. ಬ್ಯಾನ್ ಮಾಡುವುದು ಮತ್ತು ದೂರುಗಳ ಚಾನೆಲ್ ಹಿರಿಯರಿಗೆ. ಎಡವುವುದು ಒಂದೇ ಕಡೆ: ಸುಲಭವಾಗಲಿ ಎಂದು ಕಿರಿಯರಿಗೂ "ಅಡ್ಮಿನಿಸ್ಟ್ರೇಟರ್" ಅನುಮತಿ ಒತ್ತಿಬಿಡುತ್ತಾರೆ. ಅದು ಚಾನೆಲ್ ಮಟ್ಟದ ನಿರ್ಬಂಧಗಳನ್ನೆಲ್ಲ ಮೀರುತ್ತದೆ. ಮುಚ್ಚಿಟ್ಟ ದೂರುಗಳ ಚಾನೆಲ್ ತೆರೆದೇ ಇರುತ್ತದೆ.

ಟೆಲಿಗ್ರಾಂನಲ್ಲೂ ಹೀಗೆ ಒಂದೊಂದೇ ಅಧಿಕಾರ ಆರಿಸಿ ಕೊಡಬಹುದು. ವಾಟ್ಸಾಪ್‌ನಲ್ಲಿ ಆಗದು. ಅದರಲ್ಲೂ ಹಲವು ಗುಂಪುಗಳನ್ನು ಒಂದಾಗಿಸುವ ಕಮ್ಯೂನಿಟಿಯ ಪ್ರಕಟಣೆ ಗುಂಪಿನಲ್ಲಿ ಸದಸ್ಯರ ಫೋನ್ ನಂಬರ್ ಪರಸ್ಪರರಿಗೆ ಕಾಣದಿದ್ದರೂ ಅಡ್ಮಿನ್‌ಗೆ ಕಾಣುತ್ತದೆ. ಅಲ್ಲಿ 18ರ ಕೆಳಗಿನವರನ್ನು ಅಡ್ಮಿನ್ ಮಾಡುವುದು ಬೇಡ, ಎಷ್ಟೇ ಚುರುಕಾಗಿದ್ದರೂ.

ದೂರುಗಳ ಚಾನೆಲ್ ಬಗ್ಗೆ ಇಷ್ಟು ಬಿಗಿ ಯಾಕೆ ಅಂದರೆ, ಅಲ್ಲಿಗೆ ಏನು ಬಂದು ಬೀಳುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಆತ್ಮಹತ್ಯೆಯ ಮಾತು ಬರಬಹುದು, ಮಕ್ಕಳ ಅಶ್ಲೀಲ ಚಿತ್ರವೂ ಬರಬಹುದು. ಇಂಥದ್ದನ್ನು ಪುರಾವೆಗಿರಲಿ ಎಂದು ಉಳಿಸಿಕೊಳ್ಳುವುದು ಹುಡುಗರ ಸಹಜ ಉತ್ಸಾಹ, ದೊಡ್ಡವರೂ ಮಾಡುತ್ತಾರೆ. ಐಟಿ ಕಾಯ್ದೆಯ 67ಬಿ ಕಲಂ ಡೌನ್‌ಲೋಡ್ ಮಾಡುವುದನ್ನೂ ಅಪರಾಧದ ಪಟ್ಟಿಗೆ ಸೇರಿಸಿದೆ. ಚಿತ್ರವನ್ನು ಉಳಿಸಿಕೊಳ್ಳಬೇಡಿ, ಫಾರ್ವರ್ಡ್ ಮಾಡಬೇಡಿ. ಅಳಿಸುವ ಮೊದಲೇ ಆಪ್‌ನ ರಿಪೋರ್ಟ್ ಆಯ್ಕೆ ಒತ್ತಿ, ಖಾತೆಯ ಹೆಸರು, ಸಮಯ, ಸಂದೇಶದ ಲಿಂಕ್ ಬರೆದಿಟ್ಟುಕೊಂಡು ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಅಪರಾಧ ಗೊತ್ತಾದ ಯಾರೇ ಆಗಲಿ ತಿಳಿಸಲೇಬೇಕು. ತಿಳಿಸದಿದ್ದಕ್ಕೆ ಶಿಕ್ಷೆ ಮಕ್ಕಳಿಗೆ ಅನ್ವಯಿಸುವುದಿಲ್ಲ, ದೊಡ್ಡವರಿಗೆ ಅನ್ವಯಿಸುತ್ತದೆ. ಮಗು ನೋಡಿ ಸುಮ್ಮನಾದರೆ ವಿಷಯ ಅಲ್ಲೇ ಹೂತುಹೋಗುವ ಅಪಾಯವಿದೆ.

ಇನ್ನು ವಯಸ್ಸು ಕೇಳುವ ಬಗೆ. ಆಧಾರ್ ಚಿತ್ರ ಕೇಳಲೇಬೇಡಿ. ಅದು ನಿಮ್ಮ ಡ್ರೈವ್‌ನಿಂದ ಸೋರಿದರೆ ಉತ್ತರ ಹೇಳಬೇಕಾದವರು ನೀವೇ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಕಡಿಮೆ ಇದ್ದಷ್ಟೂ ಒಳ್ಳೆಯದು. "18 ಆಗಿದೆಯೇ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಬದಲಿಗೆ 13ರಿಂದ 15, 16-17, 18 ಮತ್ತು ಮೇಲೆ ಎಂದು ಮೂರು ಆಯ್ಕೆ ಕೊಡಿ, ಯಾವುದಕ್ಕೆ ಯಾವ ಕೆಲಸ ಎಂದು ಮುಂಚೆ ಹೇಳಬೇಡಿ. ಆಯ್ಕೆಯಾದ ಮೇಲೆ ವಯೋಗುಂಪು ಮಾತ್ರ ಉಳಿಸಿ, ಅರ್ಜಿ ಅಳಿಸಿ. ಸುಳ್ಳು ಹೇಳುವವರು ಆಗಲೂ ಹೇಳುತ್ತಾರೆ, ಕಡಿಮೆ ಅಷ್ಟೇ.

ಕಿರಿಯ ಮಾಡರೇಟರ್‌ಗಳ ಜೊತೆಗಿನ ಕೆಲಸದ ಮಾತು ಕನಿಷ್ಠ ಇಬ್ಬರು ಹಿರಿಯರಿರುವ ಚಾನೆಲ್‌ನಲ್ಲೇ ನಡೆಯಲಿ, ಖಾಸಗಿ ಸಂದೇಶದಲ್ಲಿ ಬೇಡ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ತಿಂಗಳುಗಳಲ್ಲಿ ಅವರನ್ನು ಲೆಕ್ಕಕ್ಕೆ ಹಿಡಿಯದೆ ಪಾಳಿ ಹಾಕಿ.

18 ತುಂಬಿದ ದಿನ ಹಿರಿಯರ ರೋಲ್ ಕೊಡುವುದಾದರೆ ಗೋಪ್ಯತಾ ಪತ್ರವನ್ನು ಹೊಸದಾಗಿ ಬರೆಸಿಕೊಳ್ಳಿ. 17ರಲ್ಲಿ ಹಾಕಿದ ಸಹಿಯನ್ನು ಆಮೇಲೆ ಊರ್ಜಿತಗೊಳಿಸಲು ನಮ್ಮ ಕಾನೂನಿನಲ್ಲಿ ದಾರಿಯಿಲ್ಲ.