ಶಿಕಾಗೊ ಬಾವುಟದ ಇಪ್ಪತ್ತನಾಲ್ಕು ಮೊನೆಗಳು

ಹನ್ನೊಂದು ವರ್ಷದಿಂದ ಕಂಪ್ಯೂಟರ್ ಎಂಬ್ರಾಯ್ಡರಿಗೆ ಪಂಚಿಂಗ್ ಮಾಡುತ್ತಿದ್ದೇನೆ. ಗಿರಾಕಿ ಕಳಿಸಿದ ಚಿತ್ರ ನೋಡಿ, ಸೂಜಿ ಎಲ್ಲಿ ಇಳಿಯಬೇಕು, ದಾರ ಯಾವ ಕಡೆ ಓಡಬೇಕು ಅಂತ ಮಷೀನಿಗೆ ಫೈಲ್ ಮಾಡಿಕೊಡುವ ಕೆಲಸ. ಪೀಣ್ಯದ ನಮ್ಮ ಯೂನಿಟ್ಟಿಗೆ ಮೂರು ವರ್ಷದ ಹಿಂದೆ ಒಂದು ಟೋಪಿ ಆರ್ಡರ್ ಬಂತು. ಮುಂಭಾಗಕ್ಕೆ ಶಿಕಾಗೊ ನಗರದ ಬಾವುಟ: ಬಿಳಿಯ ಮೇಲೆ ಎರಡು ತಿಳಿನೀಲಿ ಪಟ್ಟಿ, ನಡುವೆ ಸಾಲಾಗಿ ನಾಲ್ಕು ಕೆಂಪು ನಕ್ಷತ್ರ. ಅರ್ಧ ಗಂಟೆಯ ಕೆಲಸ ಅಂದುಕೊಂಡೆ.

ಕಳಿಸಿದ್ದ ಚಿತ್ರ ಚಿಕ್ಕದು, ಮಸುಕು. ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿದ್ದ ಐದು ಮೊನೆಯ ನಕ್ಷತ್ರ ಹಾಕಿ ಟ್ರಯಲ್ ತೆಗೆದು ಫೋಟೊ ಕಳಿಸಿದೆ. ಇದು ನಮ್ಮ ಬಾವುಟ ಅಲ್ಲ ಅಂತ ಉತ್ತರ ಬಂತು, ಜೊತೆಗೆ ನಕ್ಷತ್ರದ ಹತ್ತಿರದ ಚಿತ್ರ. ಎಣಿಸಿದೆ, ಆರು ಮೊನೆ. ಎರಡು ತ್ರಿಕೋನ ಒಂದರ ಮೇಲೊಂದು ಕೂತ ಹಾಗಿರುವ ಆರು ಮೊನೆಯ ನಕ್ಷತ್ರವೂ ಸಾಫ್ಟ್‌ವೇರಿನಲ್ಲಿತ್ತು. ಅದನ್ನು ಹಾಕಿದೆ. ಅದೂ ವಾಪಸ್ ಬಂತು. ನಮ್ಮ ಸೂಪರ್‌ವೈಸರ್ ಅಕ್ಕ ಮಾನಿಟರ್ ಆಫ್ ಮಾಡಿಯೇ ಬಿಟ್ಟರು. "ಮೊದಲು ಅದೇನು ಅಂತ ಓದ್ಕೊಂಡು ಬಾಪ್ಪ. ಆಮೇಲೆ ಮಷೀನ್ ಮುಟ್ಟು."

ಆ ಸಂಜೆ ಓದಿದ್ದು ನನ್ನ ಕೆಲಸದ ರೀತಿಯನ್ನೇ ಬದಲಿಸಿತು.

ಈ ಬಾವುಟ ರೂಪಿಸಿದವರು ವಾಲೇಸ್ ರೈಸ್; ನಗರಸಭೆ ಒಪ್ಪಿದ್ದು 1917ರಲ್ಲಿ. ಅಮೆರಿಕದ ಬಾವುಟದಲ್ಲಿ ಐದು ಮೊನೆಯ ನಕ್ಷತ್ರ ಅಂದರೆ ಒಂದು ರಾಜ್ಯ. ಶಿಕಾಗೊ ರಾಜ್ಯವಲ್ಲ, ನಗರ. ಅದಕ್ಕೇ ರೈಸ್ ಐದನ್ನು ಬಿಟ್ಟು ಆರು ಮೊನೆ ಇಟ್ಟರು. ಅಲ್ಲಿಯವರೆಗೆ ಬೇರೆ ಯಾವ ಬಾವುಟದಲ್ಲೂ ಕಾಣದಂಥ ತೆಳ್ಳನೆಯ, ಚೂಪಾದ ಮೊನೆ. ನಗರದ ಕಾನೂನಿನಲ್ಲೂ ಆರು ಚೂಪು ಮೊನೆ ಅಂತಲೇ ಇದೆ. ಪಟ್ಟಿಯ ಅಳತೆಯೂ ಅಲ್ಲೇ ಇದೆ: ಒಂದೊಂದು ನೀಲಿ ಪಟ್ಟಿ ಬಾವುಟದ ಆರನೇ ಒಂದು ಭಾಗ. ಮೊದಲ ದಿನವೇ ಅದನ್ನು ನೋಡಿದ್ದರೆ ಎರಡು ಟ್ರಯಲ್ ಉಳಿಯುತ್ತಿತ್ತು.

ನೀಲಿ ಅಂದರೆ ನೀರು. ಮೇಲಿನ ಪಟ್ಟಿ ಮಿಷಿಗನ್ ಸರೋವರ ಮತ್ತು ಶಿಕಾಗೊ ನದಿಯ ಉತ್ತರದ ಕವಲು. ಕೆಳಗಿನದು ದಕ್ಷಿಣದ ಕವಲು ಮತ್ತು ದೊಡ್ಡ ಕಾಲುವೆ. ಊರಿನ ಕೊಳಚೆ ಕುಡಿಯುವ ನೀರಿನ ಸರೋವರಕ್ಕೆ ಸೇರದಿರಲಿ ಅಂತ 1900ರಲ್ಲಿ ಕಾಲುವೆ ತೋಡಿ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಿದ ಊರು ಅದು. ಮೂರು ಬಿಳಿ ಭಾಗಗಳು ಊರಿನ ಉತ್ತರ, ಪಶ್ಚಿಮ, ದಕ್ಷಿಣ ದಿಕ್ಕುಗಳು. ಪೂರ್ವಕ್ಕೆ ಬಿಳಿ ಇಲ್ಲ, ಅಲ್ಲಿರುವುದು ಸರೋವರ.

ನಕ್ಷತ್ರಗಳಲ್ಲಿ ಎಡಗಡೆಯದು 1803ರ ಡಿಯರ್‌ಬಾರ್ನ್ ಕೋಟೆ. ಎರಡನೆಯದು 1871ರ ಮಹಾ ಬೆಂಕಿ. ಸುಮಾರು ಮುನ್ನೂರು ಜನ ಸತ್ತು, ಒಂದು ಲಕ್ಷ ಜನ ಮನೆ ಕಳಕೊಂಡರು. ಆ ನಕ್ಷತ್ರದ ಆರು ಮೊನೆಗೆ ಧರ್ಮ, ವಿದ್ಯೆ, ಸೌಂದರ್ಯ, ನ್ಯಾಯ, ಪರೋಪಕಾರ, ಊರಿನ ಅಭಿಮಾನ ಅಂತ ಅರ್ಥ ಕೊಟ್ಟಿದ್ದಾರೆ. ನಾನು ಕಡಿಮೆ ಮಾಡಿದ್ದ ಒಂದು ಮೊನೆ ಇವುಗಳಲ್ಲೊಂದು! ಮೂರನೆಯದು 1893ರ ವಿಶ್ವ ಮೇಳ. ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಆ ಮೇಳದ ಜೊತೆಗೇ. ಅದಕ್ಕೆ ಮುಂಚೆ ಅವರು ಮೈಸೂರಿನಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದರು ಅನ್ನುವುದು ನೆನಪಾಗಿ, ಆ ನಕ್ಷತ್ರವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ. ನಾಲ್ಕನೆಯದು 1933ರಲ್ಲಿ ಶುರುವಾದ ಇನ್ನೊಂದು ಮೇಳದ್ದು.

ಮರುದಿನ ಹೊಸದಾಗಿ ಕೂತೆ. ಚೂಪು ಮೊನೆಯೇ ಪಂಚಿಂಗಿನಲ್ಲಿ ಕಷ್ಟ. ತುದಿಯಲ್ಲಿ ಹೊಲಿಗೆ ಸಣ್ಣದಾಗುತ್ತ ಹೋಗಿ ಸೂಜಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಇಳಿಯುತ್ತದೆ, ದಾರ ಕಡಿಯುತ್ತದೆ. ಆರೂ ಕಡೆಯ ದಾರ ಮಧ್ಯದಲ್ಲಿ ಸೇರಿ ಗಂಟಿನ ಹಾಗೆ ಉಬ್ಬುತ್ತದೆ. ಅದಕ್ಕೆ ಪ್ರತಿ ಮೊನೆಯನ್ನೂ ಬೇರೆ ಬೇರೆ ಸ್ಯಾಟಿನ್ ಹೊಲಿಗೆಯಾಗಿ (ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಹಾಕುವ ಹೊಲಿಗೆ) ಮಾಡಿ, ತೆಳು ದಾರಕ್ಕೆ ಬದಲಿಸಿ, ತುದಿಯಲ್ಲಿ ಹೊಲಿಗೆ ಕಡಿಮೆ ಮಾಡಿದೆ. ನಾಲ್ಕು ನಕ್ಷತ್ರ, ಇಪ್ಪತ್ತನಾಲ್ಕು ಮೊನೆ. ಇಡೀ ದಿನ ಹಿಡಿಯಿತು. ಸಂಜೆ ಅಕ್ಕ ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ ಒಪ್ಪಿದರು.

ಈಗ ಯಾವುದೇ ಊರಿನ, ಸಂಸ್ಥೆಯ, ದೇವಸ್ಥಾನದ ಗುರುತು ಬಂದರೆ ಗಿರಾಕಿಗೆ ನನ್ನ ಮೊದಲ ಪ್ರಶ್ನೆ, ಇದರಲ್ಲಿ ಯಾವುದು ಬದಲಾಗಲೇಬಾರದು ಅಂತ. ಹೊಸ ಹುಡುಗರಿಗೂ ಅದನ್ನೇ ಹೇಳಿಕೊಡುತ್ತೇನೆ.

ಟೋಪಿಯ ಬಟ್ಟೆ ಸುಕ್ಕಾಗದಿರಲು ನಡುವಿನಿಂದ ಹೊರಕ್ಕೆ ಹೊಲಿಯಬೇಕು. ಹಾಗಾಗಿ ನನ್ನ ಫೈಲಿನಲ್ಲಿ ಬೆಂಕಿ ಮತ್ತು 1893ರ ಮೇಳದ ನಕ್ಷತ್ರ ಮೊದಲು, ಆಮೇಲೆ ಬಲಗಡೆಯದು, ಕೊನೆಗೆ ಎಡಗಡೆಯ ಕೋಟೆ. 1917ರ ಬಾವುಟದಲ್ಲಿ ಇದ್ದದ್ದು ನಡುವಿನ ಆ ಎರಡೇ ನಕ್ಷತ್ರ. ಬಲಗಡೆಯದು 1933ರಲ್ಲಿ ಸೇರಿತು, ಕೋಟೆಯದು 1939ರಲ್ಲಿ. ಆ ಊರಿನವರು ಸೇರಿಸಿಕೊಂಡ ಕ್ರಮದಲ್ಲೇ ನಮ್ಮ ಮಷೀನು ಒಂದೊಂದಾಗಿ ಹೊಲಿದು ಮುಗಿಸುತ್ತದೆ.